ಗಾದೆಯಲ್ಲಿ ಇಲ್ಲದ ಮೂರನೆಯವನು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತದೆ ನಮ್ಮ ಗಾದೆ. ಲೋಕದ ಅರ್ಧ ವ್ಯವಹಾರ ಆ ಒಂದು ಸಾಲಿನಲ್ಲಿ ಅಡಗಿದೆ. ಆದರೆ ಗಾದೆ ಅಲ್ಲಿಗೇ ನಿಂತುಬಿಡುತ್ತದೆ. ಹಲ್ಲಿದ್ದವನೂ ಕಡಲೆಯಿದ್ದವನೂ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಓಡಾಡಿಕೊಂಡಿದ್ದು, ಒಬ್ಬರ ಮುಖ ಒಬ್ಬರು ನೋಡದೆಯೇ ಆಯುಷ್ಯ ಮುಗಿಸಬಹುದು. ಅವರಿಬ್ಬರನ್ನೂ ಒಂದು ಜಗಲಿಯ ಮೇಲೆ ಕೂರಿಸಿ, ಇವರು ಇಂಥವರು, ಅವರು ಅಂಥವರು ಎಂದು ಹೇಳಿದ ಮೂರನೆಯವನು ಯಾರು? ಗಾದೆಗೆ ಅವನ ಚಿಂತೆಯಿಲ್ಲ. ಚರಿತ್ರೆಯೂ ಹೆಚ್ಚುಕಡಿಮೆ ಅವನನ್ನು ಮರೆತಿದೆ. ನಾನು ಇಲ್ಲಿ ಹೇಳಹೊರಟಿರುವುದು ಅವನ ಕಥೆ.

ಬೆಂಗಳೂರಿನಲ್ಲಿ ಈಗ ಹೊಸ ಕಂಪನಿ ಕಟ್ಟಲು ಹೊರಟವರೂ ಅಂಥ ಕಂಪನಿಗಳಿಗೆ ಹಣ ಹೂಡುವವರೂ ಸೇರುವ ಕೂಟಗಳಿಗೆ ಲೆಕ್ಕವಿಲ್ಲ. ಹೋಟೆಲಿನ ಸಭಾಂಗಣ, ಕಾಫಿ ಅಂಗಡಿಯ ಮಹಡಿ, ಕಾಲೇಜಿನ ಹಾಲು, ಎಲ್ಲಾದರೂ ಸರಿ. ಕೊರಳಿನಲ್ಲಿ ಹೆಸರಿನ ಚೀಟಿ, ಕೈಯಲ್ಲಿ ಕಾಫಿಯ ಲೋಟ, ಜನ್ಮದ ಆಸೆಯನ್ನೆಲ್ಲ ಐದು ನಿಮಿಷದಲ್ಲಿ ಹೇಳಿ ಮುಗಿಸಬೇಕಾದ ಅವಸರ. ಇದಕ್ಕೆ 'ನೆಟ್‌ವರ್ಕಿಂಗ್' ಎಂದು ಹೆಸರು. ಸ್ವಂತ ಹಣ ಹಾಕುವವರಿಗೆ 'ಏಂಜೆಲ್' ಎನ್ನುತ್ತಾರೆ. ದೇವದೂತ ಎಂದರ್ಥ. ಅಮೆರಿಕದಲ್ಲಿ ನಾಟಕಗಳಿಗೆ ಹಣ ಕೊಟ್ಟು ರಂಗಕ್ಕೇರಿಸುತ್ತಿದ್ದ ಶ್ರೀಮಂತರನ್ನು ಹಾಗೆ ಕರೆಯುತ್ತಿದ್ದರು, ಮಾತು ಅಲ್ಲಿಂದ ಬಂದಿತು. ಇದೆಲ್ಲ ಕಂಪ್ಯೂಟರಿನ ಜೊತೆ ಹುಟ್ಟಿದ ಸಂಪ್ರದಾಯವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಇದಕ್ಕೆ ಕಡಿಮೆಯೆಂದರೂ 250 ವರ್ಷಗಳ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೀದಿದೀಪವಿಲ್ಲದ ದಾರಿಗಳಲ್ಲಿ, ಬೆಳದಿಂಗಳಿನಲ್ಲಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ 18ನೆಯ ಶತಮಾನದಲ್ಲಿ ಗುಂಡಿ, ಬಕಲ್, ಬೆಳ್ಳಿಯ ಸಾಮಾನು ಮಾಡುವವರ ಊರು. ಅಲ್ಲಿನ ದೊಡ್ಡ ಕಾರಖಾನೆದಾರ ಮ್ಯಾಥ್ಯೂ ಬೋಲ್ಟನ್. ಊರ ಹೊರಗೆ ಸೋಹೋ ಎಂಬಲ್ಲಿ ಅವನ ಕಾರಖಾನೆ, ಅದರ ಹತ್ತಿರವೇ ಮನೆ. ಆ ಮನೆಯಲ್ಲಿ ಮತ್ತು ಅವನ ಗೆಳೆಯರ ಮನೆಗಳಲ್ಲಿ ಹುಣ್ಣಿಮೆಗೆ ಹತ್ತಿರದ ಒಂದು ದಿನ ಕೆಲವರು ಊಟಕ್ಕೆ ಸೇರುತ್ತಿದ್ದರು. ಹುಣ್ಣಿಮೆಯೇ ಏಕೆಂದರೆ, ಊಟ, ಮಾತು, ಪ್ರಯೋಗ ಎಲ್ಲ ಮುಗಿಸಿ ರಾತ್ರಿ ಕುದುರೆಯ ಮೇಲೆ ಮನೆ ಸೇರಲು ದಾರಿ ಕಾಣಬೇಕಲ್ಲ! ಚಾರ್ಲ್ಸ್ ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್ 20 ಕಿಲೋಮೀಟರಿಗೂ ಹೆಚ್ಚು ದೂರದ ಲಿಚ್‌ಫೀಲ್ಡಿನಿಂದ ಬರಬೇಕಿತ್ತು. ಪಿಂಗಾಣಿಯ ಜೊಸಾಯ ವೆಜ್‌ವುಡ್ ಇನ್ನೂ ದೂರದವನು, ಆಗಾಗ ಬರುತ್ತಿದ್ದ. ಈ ಕೂಟಕ್ಕೆ ಮುಂದೆ 'ಲೂನಾರ್ ಸೊಸೈಟಿ', ಅಂದರೆ ಚಂದ್ರಕೂಟ ಎಂದೇ ಹೆಸರಾಯಿತು. ಸದಸ್ಯರು ಯಾವ ಕಾಲಕ್ಕೂ ಹದಿನೈದರ ಒಳಗೇ.

ಈ ಕೂಟದ ಒಳಗೆ ಜೇಮ್ಸ್ ವಾಟ್ ಬಂದದ್ದು ಹೇಗೆಂದು ನೋಡಬೇಕು. ವಾಟ್ ದೂರದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಶ್ವವಿದ್ಯಾಲಯಕ್ಕೆ ಉಪಕರಣಗಳನ್ನು ಮಾಡಿಕೊಡುತ್ತಿದ್ದವನು. ಆಗಿನ ಆವಿಯ ಯಂತ್ರದಲ್ಲಿ ಒಂದೇ ಸಿಲಿಂಡರನ್ನು ಪ್ರತಿ ಬಡಿತಕ್ಕೂ ಕಾಯಿಸಬೇಕು, ಮತ್ತೆ ತಣಿಸಬೇಕು. ಕಲ್ಲಿದ್ದಲೆಲ್ಲ ಅದಕ್ಕೇ ಖರ್ಚು. ಆವಿಯನ್ನು ಬೇರೊಂದು ಪಾತ್ರೆಗೆ ಒಯ್ದು ಅಲ್ಲಿ ತಣಿಸಿದರೆ ಸಿಲಿಂಡರು ಬಿಸಿಯಾಗಿಯೇ ಉಳಿಯುತ್ತದೆಂದು ವಾಟ್‌ಗೆ 1765ರಲ್ಲಿ ಹೊಳೆಯಿತು. ಹೊಳೆದದ್ದು ಒಂದು ದಿನ, ಯಂತ್ರವಾಗಲು ಹತ್ತು ವರ್ಷ. ಕೈಯಲ್ಲಿ ಹಣವಿಲ್ಲ, ಮೈಯಲ್ಲಿ ತಲೆನೋವು, ಮನಸ್ಸಿನಲ್ಲಿ ಅಳುಕು. ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಅವನಿಗೆ ಕೈಗಡ ಕೊಟ್ಟ, ಜೊತೆಗೆ ಜಾನ್ ರೋಬಕ್ ಎಂಬ ಉದ್ಯಮಿಯ ಪರಿಚಯ ಮಾಡಿಸಿದ. ರೋಬಕ್ ವಾಟ್‌ನ ಸಾಲವನ್ನು ತಾನು ಹೊತ್ತು, ಬದಲಿಗೆ ಈ ಹೊಸ ಯಂತ್ರದಲ್ಲಿ ಮೂರರಲ್ಲಿ ಎರಡು ಪಾಲು ಬರೆಸಿಕೊಂಡ. ಅವನ ಕಲ್ಲಿದ್ದಲ ಗಣಿಗಳಿಗೆ ನೀರು ನುಗ್ಗುತ್ತಿತ್ತು. ಅದನ್ನು ಎತ್ತಿ ಹಾಕುವ ಯಂತ್ರ ಅವನಿಗೇ ಬೇಕಿತ್ತು. ಆದರೆ ಯಂತ್ರ ಸಿದ್ಧವಾಗುವುದರೊಳಗೆ ಗಣಿ ಅವನನ್ನು ಮುಳುಗಿಸಿತು.

ಇನ್ನು ಬೋಲ್ಟನ್ನನ ಅವಸ್ಥೆ. ಅವನ ಕಾರಖಾನೆ ನಡೆಯುತ್ತಿದ್ದದ್ದು ಒಂದು ಹಳ್ಳದ ನೀರಿನ ಚಕ್ರದಿಂದ. ಬೇಸಗೆಯಲ್ಲಿ ಹಳ್ಳ ಬತ್ತುತ್ತಿತ್ತು. ಹಣವಿದ್ದವನಿಗೆ ಶಕ್ತಿಯಿಲ್ಲ, ಶಕ್ತಿಯ ಗುಟ್ಟು ತಿಳಿದವನಿಗೆ ಹಣವಿಲ್ಲ. ನಡುವೆ ನೂರಾರು ಮೈಲಿ.

ಆ ನೂರಾರು ಮೈಲಿಗಳ ನಡುವೆ ನಿಂತವನು ವಿಲಿಯಂ ಸ್ಮಾಲ್ ಎಂಬ ವೈದ್ಯ. 1734ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಅಮೆರಿಕದ ವರ್ಜೀನಿಯಾದಲ್ಲಿ ಕೆಲಕಾಲ ಪ್ರಾಧ್ಯಾಪಕನಾಗಿದ್ದ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಅಲ್ಲಿ ಅವನ ಶಿಷ್ಯ. ಆ ಕೆಲಸ ಬಿಟ್ಟು ಮರಳಿದ ಸ್ಮಾಲ್ 1765ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದಾಗ ಅವನ ಕೈಯಲ್ಲಿದ್ದದ್ದು ಬೋಲ್ಟನ್ನನ ಹೆಸರಿಗೆ ಬೆಂಜಮಿನ್ ಫ್ರ್ಯಾಂಕ್ಲಿನ್ ಬರೆದುಕೊಟ್ಟ ಒಂದು ಪರಿಚಯ ಪತ್ರ. ಇನ್ನೊಬ್ಬರನ್ನು ಪರಿಚಯಿಸುವವನೂ ಒಂದು ದಿನ ಯಾರದೋ ಕೈಯಿಂದ ಪರಿಚಯ ಮಾಡಿಸಿಕೊಂಡು ಬಂದವನೇ! ಸ್ಮಾಲ್ ಬೋಲ್ಟನ್ನನ ವೈದ್ಯನಾದ, ಗೆಳೆಯನಾದ. 1767ರಲ್ಲಿ ವಾಟ್ ಮೊದಲ ಬಾರಿ ಆ ಊರಿಗೆ ಬಂದಾಗ ಬೋಲ್ಟನ್ ಊರಿನಲ್ಲಿರಲಿಲ್ಲ, ಸ್ಮಾಲ್ ಸಿಕ್ಕ. ಮರುವರ್ಷ ಬೋಲ್ಟನ್ನನೂ ಸಿಕ್ಕ.

ಸಿಕ್ಕ ಕೂಡಲೇ ಕೆಲಸವಾಯಿತೆಂದಲ್ಲ. ಮೂರು ಜಿಲ್ಲೆಗಳ ಮಟ್ಟಿಗೆ ಯಂತ್ರ ಮಾಡುವ ಹಕ್ಕನ್ನು ಬೋಲ್ಟನ್ನನಿಗೆ ಕೊಡುತ್ತೇವೆಂದು ವಾಟ್ ಮತ್ತು ರೋಬಕ್ ಹೇಳಿದರು. ಬರಿಯ ಮೂರು ಜಿಲ್ಲೆಗಾದರೆ ತನಗೆ ಗಿಟ್ಟುವುದಿಲ್ಲ, ಇಡೀ ಲೋಕಕ್ಕಾದರೆ ಗಿಟ್ಟೀತು ಎಂಬ ಅರ್ಥದ ಉತ್ತರವನ್ನು ಬೋಲ್ಟನ್ 1769ರ ಫೆಬ್ರವರಿಯಲ್ಲಿ ಬರೆದ. ಮಾತು ಅಲ್ಲಿಗೆ ಮುರಿಯಿತು. ಮುಂದಿನ ನಾಲ್ಕು ವರ್ಷ ವಾಟ್ ಹೊಟ್ಟೆಪಾಡಿಗೆ ಸ್ಕಾಟ್ಲೆಂಡಿನಲ್ಲಿ ಕಾಲುವೆಗಳ ಅಳತೆ ಮಾಡಿಕೊಂಡಿದ್ದ. ಯಂತ್ರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಆ ನಾಲ್ಕು ವರ್ಷ ಸಂಬಂಧವನ್ನು ಸಾಯಗೊಡದೆ ಇಟ್ಟದ್ದು ಸ್ಮಾಲ್ ಮತ್ತು ವಾಟ್ ನಡುವಿನ ಪತ್ರಗಳು. ಯಂತ್ರ, ಆರೋಗ್ಯ, ಊರ ಸುದ್ದಿ, ಧೈರ್ಯದ ಮಾತು ಎಲ್ಲವೂ ಅದರಲ್ಲಿ ಹೋಗಿ ಬರುತ್ತಿದ್ದವು. 1773ರಲ್ಲಿ ರೋಬಕ್ ದಿವಾಳಿಯಾದ. ಅವನ ಸಾಲಗಾರರ ಕಣ್ಣಿಗೆ ಈ ಯಂತ್ರದ ಪಾಲು ಬಿಡಿಗಾಸಿನ ಬೆಲೆಯದೂ ಆಗಿರಲಿಲ್ಲ. ತನಗೆ ಬರಬೇಕಿದ್ದ 1,200 ಪೌಂಡ್ ಸಾಲಕ್ಕೆ ಬದಲಾಗಿ ಬೋಲ್ಟನ್ ಆ ಪಾಲನ್ನು ತೆಗೆದುಕೊಂಡ. ಅದರ ಬೆಲೆ ಅವನಿಗೆ ತಿಳಿದಿದ್ದದ್ದು ಹೇಗೆ? ಹಲವು ವರ್ಷಗಳಿಂದ ಊಟದ ಮೇಜಿನ ಸುತ್ತ ಆ ಮಾತು ನಡೆಯುತ್ತಲೇ ಇತ್ತಲ್ಲ! ಉಳಿದ ಸಾಲಗಾರರು ಯಂತ್ರವನ್ನು ಮಾತ್ರ ಕಂಡರು. ಬೋಲ್ಟನ್ ಮನುಷ್ಯನನ್ನೂ ಬಲ್ಲವನಾಗಿದ್ದ.

1774ರಲ್ಲಿ ವಾಟ್ ಬರ್ಮಿಂಗ್‌ಹ್ಯಾಮಿಗೆ ಬಂದು ನೆಲೆಸಿದ. 1775ರ ಫೆಬ್ರವರಿಯಲ್ಲಿ ಸ್ಮಾಲ್ ತೀರಿಕೊಂಡ. ಅದೇ ವರ್ಷ ಮೇ ತಿಂಗಳಲ್ಲಿ ಪಾರ್ಲಿಮೆಂಟು ವಾಟ್‌ನ ಹಕ್ಕನ್ನು 1800ರವರೆಗೆ ವಿಸ್ತರಿಸಿತು, ಬೋಲ್ಟನ್ ಮತ್ತು ವಾಟ್ ಕಂಪನಿ ಆರಂಭವಾಯಿತು. ಮೂರು ತಿಂಗಳ ಅಂತರದಲ್ಲಿ ಸ್ಮಾಲ್ ಅದನ್ನು ನೋಡದೆ ಹೋದ. ಹಿಂದೊಮ್ಮೆ ಅವನಿಗೂ ಪಾಲು ಕೊಡುವ ಮಾತು ಬಂದಿತ್ತು, ಅದು ಮಾತಿನಲ್ಲೇ ಉಳಿಯಿತು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆ ಗೆಳೆಯರ ಊಟಗಳು ಒಂದು ಕ್ರಮಕ್ಕೆ ಬಂದು, ಗೊತ್ತಾದ ದಿನ, ಗೊತ್ತಾದ ಹೆಸರು ಇರುವ ಸಂಘವಾದದ್ದು ಸ್ಮಾಲ್ ಸತ್ತ ಮೇಲೆ, 1775ರ ಕೊನೆಯಲ್ಲಿ. ಅವನು ಬದುಕಿದ್ದಷ್ಟು ದಿನ ಸಂಘದ ಅಗತ್ಯವೇ ಇರಲಿಲ್ಲ, ಅವನೇ ಸಂಘವಾಗಿದ್ದ. ಅವನು ಹೋದ ಮೇಲೆ ಆ ಖಾಲಿ ಜಾಗಕ್ಕೆ ಒಂದು ಕ್ಯಾಲೆಂಡರನ್ನು ತಂದು ಕೂರಿಸಬೇಕಾಯಿತು. ಸಂಘ, ಕ್ಲಬ್ಬು, ಕೂಟ ಎಂದು ನಾವು ಕಟ್ಟುವುದೆಲ್ಲ ಇಷ್ಟೇ: ಒಬ್ಬ ಒಳ್ಳೆಯ ಪರಿಚಯಸ್ಥನ ಬದಲಿ ವ್ಯವಸ್ಥೆ.

ಈ ಕಥೆಯಲ್ಲಿ ವೈದ್ಯರು ಎಷ್ಟು ಮಂದಿ ನೋಡಿ. ಸ್ಮಾಲ್ ವೈದ್ಯ, ಡಾರ್ವಿನ್ ವೈದ್ಯ, ಪರಿಚಯ ಮಾಡಿಸಿದ ಬ್ಲ್ಯಾಕ್ ಕಲಿತದ್ದು ವೈದ್ಯ, ಮುಳುಗಿದ ರೋಬಕ್ ಕೂಡ ವೈದ್ಯಕೀಯ ಓದಿದವನೇ. ಇದು ಕಾಕತಾಳೀಯವಲ್ಲವೆಂದು ನನ್ನ ಅನಿಸಿಕೆ. ವೈದ್ಯ ಎಲ್ಲರ ಮನೆಯನ್ನೂ ಒಳಗಿನಿಂದ ನೋಡಿದವನು. ಯಾರ ಕೈಯಲ್ಲಿ ಹಣವಿದೆ, ಯಾರಿಗೆ ನಿದ್ದೆಯಿಲ್ಲ, ಯಾರ ಮಾತು ನೆಚ್ಚಬಹುದು ಎಂಬುದು ಅವನಿಗೆ ಗೊತ್ತು. ಗೊತ್ತಿದ್ದದ್ದನ್ನೆಲ್ಲ ಹೊರಗೆ ಆಡದಿರುವುದೂ ಗೊತ್ತು.

ನಮ್ಮ ಕರಾವಳಿಯ ಒಂದು ಕಥೆಯಲ್ಲೂ ಒಬ್ಬ ವೈದ್ಯರಿದ್ದಾರೆ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಒಂದು ಪುಟ್ಟ ಬ್ಯಾಂಕು ತೆರೆದರು. ಉಪೇಂದ್ರ ಅನಂತ ಪೈ ಬಟ್ಟೆಯ ವ್ಯಾಪಾರ ಬಲ್ಲವರು, ವಾಮನ ಕುಡ್ವ ಎಂಜಿನಿಯರು, ಡಾ. ಟಿ. ಎಂ. ಎ. ಪೈ ವೈದ್ಯರು. ಬಂಡವಾಳ 8,000 ರೂಪಾಯಿ. ಸೊರಗಿದ್ದ ಕೈಮಗ್ಗದವರಿಗೆ ನೆರವಾಗಬೇಕೆಂಬುದು ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯ ಬಗ್ಗೆ ನಮ್ಮ ಹಿರಿಯರೆಲ್ಲ ಬಲ್ಲರು: ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಕಟ್ಟಿಸಿಕೊಂಡು ಹೋಗುತ್ತಿದ್ದ. ಅದಕ್ಕೂ ಮೊದಲು, 1906ರಲ್ಲಿ, ಅದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಹುಟ್ಟಿದ ಬ್ಯಾಂಕು, ಅಂದರೆ ಮುಂದಿನ ಕಾರ್ಪೊರೇಷನ್ ಬ್ಯಾಂಕು, ಮೊದಲ ದಿನದ ಕೊನೆಗೆ ಎಣಿಸಿದ್ದು 38 ರೂಪಾಯಿ 13 ಆಣೆ 2 ಪೈ. ಎರಡು ಬ್ಯಾಂಕುಗಳೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಆದರೆ ಆ 38 ರೂಪಾಯಿಯ ಹಿಂದಿದ್ದದ್ದನ್ನು ಮರೆಯಬಾರದು. ಅಂದು ಹಣ ತಂದಿಟ್ಟವರು ಕಾಗದಪತ್ರ ಓದಿ ತಂದಿಟ್ಟವರಲ್ಲ, ಮುಖ ನೋಡಿ ತಂದಿಟ್ಟವರು.

ಹಳೆಯ ಊರುಗಳಲ್ಲಿ ಮುಖಗಳು ಗೊತ್ತಿರುತ್ತವೆ. ಯಾರಿಗೂ ಯಾರೂ ಗೊತ್ತಿಲ್ಲದ ಹೊಸ ಊರಿನಲ್ಲಿ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು.

ಇಂದು ಸಿಲಿಕಾನ್ ಕಣಿವೆ ಎನ್ನಿಸಿಕೊಂಡ ಪ್ರದೇಶ 1950ರ ದಶಕದಲ್ಲಿ ಹಣ್ಣಿನ ತೋಟಗಳ ನಾಡು. 1957ರಲ್ಲಿ ಅಲ್ಲಿನ ಒಂದು ಪ್ರಯೋಗಾಲಯವನ್ನು ಎಂಟು ಮಂದಿ ಯುವ ವಿಜ್ಞಾನಿಗಳು ಬಿಡಲು ನಿರ್ಧರಿಸಿದರು. ಸ್ವಂತ ಕಂಪನಿಗೆ ಹಣ ಯಾರನ್ನು ಕೇಳಬೇಕೆಂಬುದೇ ಅವರಿಗೆ ತಿಳಿಯದು. ಅವರಲ್ಲೊಬ್ಬರಾದ ಯೂಜೀನ್ ಕ್ಲೈನರ್ ತಮ್ಮ ತಂದೆಗೆ ಪರಿಚಯವಿದ್ದ ನ್ಯೂಯಾರ್ಕಿನ ಷೇರು ದಲ್ಲಾಳಿ ಕಂಪನಿಗೆ ಒಂದು ಪತ್ರ ಹಾಕಿದರು. ಪತ್ರ ಆರ್ಥರ್ ರಾಕ್ ಎಂಬ ತರುಣನ ಕೈಸೇರಿತು. ರಾಕ್ ಮೂವತ್ತಕ್ಕೂ ಹೆಚ್ಚು ಕಂಪನಿಗಳ ಬಾಗಿಲು ಬಡಿದು, ಕೊನೆಗೆ ಶೆರ್ಮನ್ ಫೇರ್‌ಚೈಲ್ಡ್ ಎಂಬ ಉದ್ಯಮಿಯಿಂದ ಹಣ ಕೊಡಿಸಿದರು. ಹೀಗೆ ಹುಟ್ಟಿದ ಫೇರ್‌ಚೈಲ್ಡ್ ಸೆಮಿಕಂಡಕ್ಟರಿನಲ್ಲಿ ದುಡಿದವರು ಮುಂದೆ ತಮ್ಮವೇ ಕಂಪನಿಗಳನ್ನು ಕಟ್ಟಿದರು. 1972ರ ಹೊತ್ತಿಗೆ ಕ್ಲೈನರ್ ಸ್ವತಃ ಹಣ ಹೂಡುವ ಸಂಸ್ಥೆಯೊಂದನ್ನು ಸ್ಥಾಪಿಸಿದ್ದರು. ಅದೇ ವರ್ಷ ಫೇರ್‌ಚೈಲ್ಡಿನಲ್ಲಿದ್ದ ಡಾನ್ ವ್ಯಾಲೆಂಟೈನ್ ಇನ್ನೊಂದನ್ನು ಕಟ್ಟಿದರು. ನಿನ್ನೆ ಹಣ ಬೇಡಿದವನು ಇಂದು ಹಣ ಕೊಡುವವನು. ಬೇಡಿದವನಿಗೆ ಬೇಡುವವನ ಸಂಕಟ ಗೊತ್ತು, ಯಾವ ಮಾತು ಜಂಬ, ಯಾವ ಮಾತು ನಿಜ ಎಂಬುದೂ ಗೊತ್ತು. ಆ ಊರಿನ ಗುಟ್ಟು ಇದೇ.

ಇದರ ಪಕ್ಕದಲ್ಲೇ ಇನ್ನೊಂದು ಬಗೆಯ ಕೂಟ ಹುಟ್ಟಿತು. 1975ರ ಮಾರ್ಚ್ 5ರಂದು, ಮೆನ್ಲೊ ಪಾರ್ಕ್ ಎಂಬಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಕಾರಿನ ಷೆಡ್ಡಿನಲ್ಲಿ 32 ಮಂದಿ ಸೇರಿದರು. ಮನೆಯಲ್ಲೇ ಜೋಡಿಸಬಹುದಾದ 'ಆಲ್ಟೇರ್' ಎಂಬ ಕಂಪ್ಯೂಟರು ಆಗಷ್ಟೇ ಬಂದಿತ್ತು. ಅವರೆಲ್ಲ ಅದರ ಹುಚ್ಚು ಹಿಡಿದವರು. ಫ್ರೆಂಚ್ ಜೊತೆ ಈ ಸಭೆ ಕರೆದವರು ಫ್ರೆಡ್ ಮೂರ್. ಯುದ್ಧವಿರೋಧಿ, ಹಣವೆಂದರೆ ಮುಖ ತಿರುಗಿಸುವ ಮನುಷ್ಯ. ತಿಳಿದದ್ದನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬುದು ಅವರ ಆಸೆ. 'ಹೋಂಬ್ರೂ ಕಂಪ್ಯೂಟರ್ ಕ್ಲಬ್' ಎಂಬ ಹೆಸರಿನ ಈ ಕೂಟ ಬೆಳೆದು, ದೊಡ್ಡ ಸಭಾಂಗಣಕ್ಕೆ ಹೋಯಿತು. ಸಭೆ ನಡೆಸುತ್ತಿದ್ದ ಲೀ ಫೆಲ್ಸೆನ್‌ಸ್ಟೈನ್ ಒಂದು ಸೊಗಸಾದ ಪದ್ಧತಿ ತಂದರು. ಮೊದಲು ಒಬ್ಬೊಬ್ಬರೂ ಎದ್ದು ನಿಂತು ತಮ್ಮಲ್ಲಿ ಏನಿದೆ, ತಮಗೆ ಏನು ಬೇಕು ಎಂದು ಹೇಳಬೇಕು. ಆಮೇಲೆ ಸಭೆ ಚದುರಿ, ಯಾರಿಗೆ ಯಾರು ಬೇಕೋ ಅವರನ್ನು ಹುಡುಕಿಕೊಂಡು ಹೋಗಿ ಮಾತಾಡುವುದು. ನಮ್ಮ ಸಂತೆಯಲ್ಲಿ ಸರಕು ಕೂಗಿ ಹೇಳಿದಂತೆಯೇ ಅಲ್ಲವೇ? ವಿಲಿಯಂ ಸ್ಮಾಲ್ ತಲೆಯಲ್ಲಿ ಇಟ್ಟುಕೊಂಡಿದ್ದ ಪಟ್ಟಿಯನ್ನು ಇಲ್ಲಿ ಇಡೀ ಸಭೆ ಗಟ್ಟಿಯಾಗಿ ಓದುತ್ತಿತ್ತು.

ಆ ಸಭೆಯ ಹಿಂದಿನ ಸಾಲಿನಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ಸಂಕೋಚದ ಎಂಜಿನಿಯರು ಕೂರುತ್ತಿದ್ದರು. ತಾವು ರಚಿಸಿದ ಕಂಪ್ಯೂಟರಿನ ನಕ್ಷೆಯನ್ನು ಎಲ್ಲರಿಗೂ ಪುಕ್ಕಟೆ ಹಂಚಿದವರು ಅವರು. ಗೆಳೆಯ ಸ್ಟೀವ್ ಜಾಬ್ಸ್ ಅದನ್ನು ಮಾರೋಣವೆಂದರು. ಕ್ಲಬ್ಬಿಗೆ ಬರುತ್ತಿದ್ದ ಪಾಲ್ ಟೆರೆಲ್ ಎಂಬ ಅಂಗಡಿಕಾರರು 1976ರಲ್ಲಿ, ಜೋಡಿಸಿ ಕೊಡುವುದಾದರೆ ಒಂದಕ್ಕೆ 500 ಡಾಲರಿನಂತೆ 50 ಬೇಕೆಂದರು. ಆ ಬೇಡಿಕೆಯ ಬಲದ ಮೇಲೆ ಬಿಡಿಭಾಗಗಳು 30 ದಿನದ ಉದ್ದರಿಗೆ ಸಿಕ್ಕವು. ಮುಂದೆ ದೊಡ್ಡ ಬಂಡವಾಳ ಬೇಕಾದಾಗ ಡಾನ್ ವ್ಯಾಲೆಂಟೈನ್ ತಾವು ಹಣ ಕೊಡಲಿಲ್ಲ, ಮೈಕ್ ಮಾರ್ಕುಲಾ ಎಂಬವರ ಹೆಸರನ್ನು ಕೊಟ್ಟರು. ಮಾರ್ಕುಲಾ ಕೂಡ ಫೇರ್‌ಚೈಲ್ಡಿನ ಹಳೆಯ ಕೈ. ಅವರು ಸಾಲವೂ ಪಾಲೂ ಸೇರಿ 2,50,000 ಡಾಲರು ತೊಡಗಿಸಿದರು. 1977ರ ಜನವರಿಯಲ್ಲಿ ಆಪಲ್ ಕಂಪನಿ ನೋಂದಣಿಯಾಯಿತು. ಕೆಲವೊಮ್ಮೆ ಹಣಕ್ಕಿಂತ ಒಂದು ಹೆಸರು ದೊಡ್ಡ ಕೊಡುಗೆ. ಆ ಕ್ಲಬ್ಬಿನಿಂದ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದುವೆಂದು ಹೇಳುತ್ತಾರೆ. ಹಣ ಬೇಡವೆಂದ ಫ್ರೆಡ್ ಮೂರ್ ಹೆಸರು ಮಾತ್ರ ಇಂದು ಎಷ್ಟು ಜನರ ಬಾಯಲ್ಲಿದೆ?

ಆದರೆ ಈ ಕಣಿವೆಯಲ್ಲೂ ಹೊರಗಿನವರೆಂದು ಕೆಲವರಿದ್ದರು, ಅವರಲ್ಲಿ ನಮ್ಮವರೂ ಇದ್ದರು. ಭಾರತದಿಂದ ಹೋದವರು ಒಳ್ಳೆಯ ಎಂಜಿನಿಯರುಗಳು, ಆದರೆ ಕಂಪನಿ ನಡೆಸಲಾರರು ಎಂಬ ಅಭಿಪ್ರಾಯ 1980ರ ದಶಕದಲ್ಲಿ ಹಣದವರಲ್ಲಿ ಬೇರೂರಿತ್ತು. 1992ರಲ್ಲಿ ಭಾರತದಿಂದ ಬರಬೇಕಿದ್ದ ಅಧಿಕಾರಿಯೊಬ್ಬರನ್ನು ಕಾಣಲು ಭಾರತೀಯ ಮೂಲದ ಕೆಲವು ಉದ್ಯಮಿಗಳು ಅಲ್ಲಿ ಸೇರಿದ್ದರಂತೆ. ವಿಮಾನ ತಡವಾಯಿತು. ಕಾಯುತ್ತ ಕೂತವರು ಪರಸ್ಪರ ಮಾತಿಗೆ ತೊಡಗಿದರು. ಒಂದೇ ಊರಿನಲ್ಲಿ ಇಷ್ಟು ವರ್ಷ ಇದ್ದೂ ತಮ್ಮಲ್ಲಿ ಹಲವರಿಗೆ ಪರಿಚಯವೇ ಇಲ್ಲವೆಂಬುದು ಆಗ ಅವರಿಗೆ ಹೊಳೆಯಿತು. ಹಾಗೆ ಹುಟ್ಟಿದ್ದು 'ದಿ ಇಂಡಸ್ ಎಂಟರ್‌ಪ್ರೆನರ್ಸ್', ಚಿಕ್ಕದಾಗಿ 'ಟೈ'. ಸುಹಾಸ್ ಪಾಟೀಲ್, ಕನ್ವಲ್ ರೇಖಿ ಮೊದಲಾದವರು ಅದನ್ನು ಕಟ್ಟಿದವರು. ಕಂಪನಿ ಕಟ್ಟಿ ಗೆದ್ದವರು ಹೊಸಬರಿಗೆ ಕಿವಿಗೊಡಬೇಕು, ಬುದ್ಧಿ ಹೇಳಬೇಕು, ಹಿಡಿಸಿದರೆ ಹಣ ಹಾಕಬೇಕು ಎಂಬುದು ಕ್ರಮ. ಚೆನ್ನೈಯ ಕೆ. ಬಿ. ಚಂದ್ರಶೇಖರ್ ಮತ್ತು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ಬಿ. ವಿ. ಜಗದೀಶ್ ಸ್ಥಾಪಿಸಿದ 'ಎಕ್ಸೋಡಸ್' ಕಂಪನಿಗೆ ರೇಖಿ ಆರಂಭದಲ್ಲೇ ಹಣ ಹಾಕಿದರು. ಅದು 1998ರಲ್ಲಿ ಷೇರುಪೇಟೆಗೆ ಬಂದು ಆಕಾಶಕ್ಕೇರಿತು, 2001ರಲ್ಲಿ ದಿವಾಳಿಯಾಯಿತು. ಪರಿಚಯ ಮಾಡಿಸುವವನು ಬಾಗಿಲು ತೆಗೆಯುತ್ತಾನೆ ಅಷ್ಟೆ, ಮನೆ ನಿಲ್ಲುವುದು ಬೀಳುವುದು ಅವನ ಕೈಯಲ್ಲಿಲ್ಲ.

ಆ ಸಂಘದ ಬಾಸ್ಟನ್ ಶಾಖೆಯನ್ನು 1997ರಲ್ಲಿ ಕಟ್ಟಿದವರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರೂ ಒಬ್ಬರು. ಅಮೆರಿಕದಲ್ಲಿ ಎರಡು ಮೂರು ಕಂಪನಿಗಳನ್ನು ಕಟ್ಟಿದ ಅವರು ಮುಂದೆ ಹುಬ್ಬಳ್ಳಿಯಲ್ಲೇ ಹೊಸ ಉದ್ಯಮಗಳಿಗೆ ನೆಲೆಯೊಂದನ್ನು ಒದಗಿಸಿದರು. ಅಲ್ಲಿಂದ ಹೋದದ್ದು ಬೇರೆ ದಾರಿಯಿಂದ ಊರಿಗೆ ಮರಳಿದಂತಾಯಿತು.

ಇಂಥ ಕೂಟಗಳು ಇಲ್ಲದಿದ್ದಾಗ ನಮ್ಮಲ್ಲಿ ಏನಾಗುತ್ತಿತ್ತು? ಎರಡು ಉದಾಹರಣೆ ಸಾಕು. 1981ರಲ್ಲಿ ಏಳು ಜನ ಸೇರಿ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದಾಗ ನಾರಾಯಣ ಮೂರ್ತಿಯವರಿಗೆ ಸಿಕ್ಕ ಮೊದಲ ಬಂಡವಾಳ ಪತ್ನಿ ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ 10,000 ರೂಪಾಯಿ. ಕೂಟವೂ ಮನೆಯಲ್ಲೇ, ದೇವದೂತರೂ ಮನೆಯಲ್ಲೇ! ಇನ್ನೊಂದು, 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಷೆಡ್ಡಿನಲ್ಲಿ ಬಯೋಕಾನ್ ತೆರೆದ ಕಿರಣ್ ಮಜುಂದಾರ್ ಅವರದು. ವಯಸ್ಸು ಇಪ್ಪತ್ತೈದು, ಹೆಣ್ಣು, ಯಾರೂ ಕೇಳರಿಯದ ಉದ್ಯಮ. ಬ್ಯಾಂಕುಗಳು ಸಾಲ ಕೊಡಲಿಲ್ಲ. ಕೊನೆಗೆ ಒಂದು ಸಮಾರಂಭದಲ್ಲಿ ಆಕಸ್ಮಿಕವಾಗಿ ಭೇಟಿಯಾದ ಬ್ಯಾಂಕ್ ಅಧಿಕಾರಿಯೊಬ್ಬರಿಂದ ಮೊದಲ ನೆರವು ದೊರೆಯಿತು. ಈ ಸಂಗತಿಯನ್ನು ಹೇಳಿ ಸಂತೋಷಪಡುವವರು ಬಹಳ. ನನಗೆ ಸಂತೋಷದ ಜೊತೆ ಒಂದು ಕಳವಳವೂ ಆಗುತ್ತದೆ. ಆಕೆಯ ತಂದೆ ದೊಡ್ಡ ಮದ್ಯದ ಕಂಪನಿಯೊಂದರಲ್ಲಿ ಹಿರಿಯ ಹುದ್ದೆಯಲ್ಲಿದ್ದವರು. ಅಂಥ ಸಮಾರಂಭಕ್ಕೆ ಹೋಗುವ ದಾರಿ ಆಕೆಗಿತ್ತು. ಅಷ್ಟೇ ಬುದ್ಧಿಯ, ಅಷ್ಟೇ ಛಲದ, ಆದರೆ ಅಂಥ ಸಮಾರಂಭಕ್ಕೆ ಕರೆಯೋಲೆಯೇ ಬಾರದ ಇನ್ನೊಬ್ಬ ಹುಡುಗಿ ಆ ವರ್ಷ ಈ ನಾಡಿನಲ್ಲಿ ಇರಲಿಲ್ಲವೇ? ಇದ್ದಿರಲೇಬೇಕು. ಅವಳ ಕಂಪನಿಯ ಹೆಸರು ನಮಗೆ ಗೊತ್ತಿಲ್ಲ. ಏಕೆಂದರೆ ಅದು ಹುಟ್ಟಲೇ ಇಲ್ಲ.

ಮಲೆನಾಡಿನ ನಮ್ಮೂರಿನಲ್ಲಿ ಅಡಿಕೆ ಮಂಡಿಗೆ ಸಾಲ ಕೇಳಲು ಯಾರೂ ಒಬ್ಬರೇ ಹೋಗುತ್ತಿರಲಿಲ್ಲ. ಜೊತೆಗೊಬ್ಬರು ಬೇಕು. ಆ ಜೊತೆಗಾರರು ಹೆಚ್ಚು ಮಾತಾಡುತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, ಮಳೆಯ ಮಾತು ತೆಗೆದು, ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅವರು ಕೂತದ್ದೇ ಶಿಫಾರಸು. ಸಾಲ ಮುಳುಗಿದರೆ ಮಂಡಿಯ ಸಾಹುಕಾರರಿಗೆ ಹೋಗುವುದು ದುಡ್ಡು, ಈ ಮನುಷ್ಯನಿಗೆ ಹೋಗುವುದು ಮುಂದಿನ ಸಲ ಹೀಗೆ ಬಂದು ಕೂರುವ ಯೋಗ್ಯತೆ. ಪರಿಚಯ ಮಾಡಿಸುವವನು ಹೂಡುವ ಬಂಡವಾಳ ಇದೇ: ತನ್ನ ಹೆಸರು. ದಲ್ಲಾಳಿಗೂ ಅವನಿಗೂ ಇರುವ ವ್ಯತ್ಯಾಸವೂ ಇದೇ. ದಲ್ಲಾಳಿ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಿಸಿ ತನ್ನ ಪಾಡಿಗೆ ಹೋಗಬಹುದು. ಈತ ಒಂದು ಸುಳ್ಳು ಹೇಳಿದರೂ ಮತ್ತೆ ಜಗಲಿಗೆ ಬರುವಂತಿಲ್ಲ.

ಆದರೆ ಅದೇ ಊರಿನಲ್ಲಿ ಆ ಜಗಲಿಯ ಮೆಟ್ಟಿಲನ್ನೇ ಹತ್ತಲಾಗದವರೂ ಇದ್ದರು. ಅಂಗಳದಲ್ಲಿ ನಿಂತೇ ಮಾತಾಡಿ ಹೋಗಬೇಕಾದವರ ಜೊತೆಗೆ ಬಂದು ಕೂರುವವರು ಯಾರು? ಬರ್ಮಿಂಗ್‌ಹ್ಯಾಮಿನ ಬೆಳದಿಂಗಳ ಊಟಕ್ಕೂ ಹೆಂಗಸರು ಸದಸ್ಯರಾಗಿರಲಿಲ್ಲ, ಬೋಲ್ಟನ್ನನ ಕಾರಖಾನೆಯ ಕೆಲಸಗಾರರೂ ಆಗಿರಲಿಲ್ಲ. ಕೂಟ ಎಂದ ಕೂಡಲೇ ಒಂದು ಬಾಗಿಲು ಇರುತ್ತದೆ, ಬಾಗಿಲಿಗೆ ಎರಡು ಬದಿ ಇರುತ್ತವೆ. ಒಳಗಿರುವವರಿಗೆ ಅದು ತೆರೆದ ಬಾಗಿಲು. ಹೊರಗಿನವರಿಗೆ ಅದು ಗೋಡೆಯ ಒಂದು ಭಾಗ. ಇಂದಿನ ಕೂಟಗಳೂ ಹೀಗೆಯೇ. ಇಂಗ್ಲಿಷಿನಲ್ಲಿ ಸಲೀಸಾಗಿ ಐದು ನಿಮಿಷ ಮಾತಾಡಬಲ್ಲವನಿಗೆ, ದೊಡ್ಡ ಕಾಲೇಜಿನ ಹೆಸರು ಹೇಳಬಲ್ಲವನಿಗೆ ಬೇಗ ತೆರೆದುಕೊಳ್ಳುತ್ತವೆ. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಪಂಪ್‌ಸೆಟ್ಟಿಗೆ ಹೊಸದೊಂದು ಸಾಧನ ಜೋಡಿಸಿದವನು ಬೆಂಗಳೂರಿನ ಬಸ್ಸು ಹತ್ತಿ ಬಂದರೂ ಯಾರ ಹೆಸರು ಹೇಳಿಕೊಂಡು ಒಳಗೆ ಹೋಗಬೇಕು?

ಇದಕ್ಕೆ ಸರ್ಕಾರದ ಯೋಜನೆಗಳಿವೆ, ಸ್ಪರ್ಧೆಗಳಿವೆ, ಇರಲಿ. ಚರಿತ್ರೆ ಹೇಳುವುದು ಮಾತ್ರ ಇನ್ನೂ ಸಣ್ಣ ಮಾತು. ಮೂರನೆಯವನಾಗಲು ಹಣ ಬೇಡ, ಹೊಸ ಯೋಚನೆಯೂ ಬೇಡ. ಇಬ್ಬರನ್ನು ಬಲ್ಲವನಾಗಿರಬೇಕು, ತನ್ನ ಹೆಸರನ್ನು ಪಣಕ್ಕಿಡಲು ಅಂಜದಿರಬೇಕು. ನಮ್ಮ ಸಣ್ಣ ಊರುಗಳಲ್ಲಿ ಅಂಥವರಿಗೆ ಬರವಿಲ್ಲ. ಡಾಕ್ಟರಿದ್ದಾರೆ, ಪಾಲಿಟೆಕ್ನಿಕ್ಕಿನ ಮೇಷ್ಟ್ರಿದ್ದಾರೆ, ಸಹಕಾರಿ ಬ್ಯಾಂಕಿನ ನಿವೃತ್ತ ಮ್ಯಾನೇಜರಿದ್ದಾರೆ. ಅಂಗಳದಲ್ಲಿ ನಿಂತವನನ್ನು ಕೈಹಿಡಿದು ಜಗಲಿಗೆ ಹತ್ತಿಸಿ, ಪಕ್ಕದಲ್ಲಿ ಕೂತರೆ ಅವರ ಕೆಲಸ ಮುಗಿಯಿತು.

ಹೆಸರು ಉಳಿಯುತ್ತದೆಂಬ ಆಸೆ ಮಾತ್ರ ಬೇಡ. ಬ್ಯಾಂಕ್ ಆಫ್ ಇಂಗ್ಲೆಂಡ್ 2011ರಲ್ಲಿ ಹೊಸ 50 ಪೌಂಡಿನ ನೋಟು ತಂದಾಗ ಅದರ ಹಿಂಬದಿಯಲ್ಲಿ ಇಬ್ಬರ ಚಿತ್ರ ಅಚ್ಚುಹಾಕಿತು. ಒಂದು ಬೋಲ್ಟನ್, ಇನ್ನೊಂದು ವಾಟ್. 2022ರವರೆಗೆ ಅದು ಚಲಾವಣೆಯಲ್ಲಿತ್ತು. ಹಲ್ಲಿದ್ದವನೂ ಕಡಲೆಯಿದ್ದವನೂ ಒಂದೇ ನೋಟಿನಲ್ಲಿ! ವಿಲಿಯಂ ಸ್ಮಾಲ್‌ಗಾಗಿ ಬೋಲ್ಟನ್ ತನ್ನ ತೋಟದ ಕೊಳದ ಪಕ್ಕದಲ್ಲಿ ಒಂದು ಸ್ಮಾರಕ ನಿಲ್ಲಿಸಿದ್ದ. ಗೆಳೆಯ ಕೂತು ಅಳಲು ಅಷ್ಟು ಸಾಕು.